ಒಂದೇ ಟಾಕಿಯ ನೀರು

ವಿಜಯಪುರದಲ್ಲಿ ನಾನು ಹಿಡಿದ ಮನೆಗೆ ಕರೆಂಟು, ನೀರು ಎರಡೂ ಬಾಡಿಗೆಯಲ್ಲೇ ಸೇರಿದ್ದವು. ಕೇಳಿದವರೆಲ್ಲ ಪುಣ್ಯ ಮಾಡಿದ್ದೀರಿ ಎನ್ನುತ್ತಿದ್ದರು. ಬಾಡಿಗೆ ಮನೆಗಳಲ್ಲಿ ಬೆಳಗಾದರೆ ನಡೆಯುವ ಜಗಳವೆಲ್ಲ ಈ ಎರಡರ ಮೇಲೆಯೇ ತಾನೆ. ಯಾರ ಫ್ಯಾನು ಹಗಲೆಲ್ಲ ತಿರುಗಿತು, ಯಾರ ಮನೆಯ ನಳ ಸೋರಿತು, ಮೀಟರು ಯಾಕೆ ಇಷ್ಟೊಂದು ಓಡಿತು. ನನಗೆ ಅದಾವುದರ ಗೊಡವೆಯೂ ಇರಲಿಲ್ಲ. ತಿಂಗಳಿಗೊಮ್ಮೆ ಬಾಡಿಗೆ ಕೊಟ್ಟರೆ ಮುಗಿಯಿತು. ಆಮೇಲೆ ನಾನುಂಟು, ನನ್ನ ನಾಲ್ಕು ಗೋಡೆಗಳುಂಟು.

ನಾನು ಬಬಲೇಶ್ವರದ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು. ಸರಳಿನ ಕಿಟಕಿಯ ಹಿಂದೆ ಕುಳಿತು, ಚೀಟಿ ನೋಡಿ, ಗುಳಿಗೆ ಎಣಿಸಿ ಕೊಟ್ಟು, ಊಟಕ್ಕೆ ಮೊದಲೋ ಆಮೇಲೋ ಎಂದು ಹೇಳುವುದು ನನ್ನ ಕೆಲಸ. ಸಂತೆಯ ದಿನವಂತೂ ಕಾಯಿಪಲ್ಲೆಯ ಚೀಲ ಹಿಡಿದುಕೊಂಡೇ ಮಂದಿ ಸಾಲು ನಿಲ್ಲುತ್ತಾರೆ. ದಿನವಿಡೀ ಯಾರಾದರೊಬ್ಬರು ನನ್ನೊಡನೆ ಮಾತಾಡುತ್ತಲೇ ಇರುತ್ತಾರೆ, ಆದರೆ ಆ ಮಾತೆಲ್ಲ ಅವರ ಕೆಮ್ಮಿನದು, ಅವರ ಮೊಣಕಾಲಿನದು. ಸಂಜೆ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಅಲ್ಲಿಂದ ತೊರವಿ ಕಡೆಯ ಇನ್ನೊಂದು ಬಸ್ಸು ಹತ್ತಿ ಮನೆ ಸೇರುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು. ನನ್ನ ಸ್ವಂತದ್ದೆನ್ನುವ ಒಂದು ಮಾತೂ ಅದರಿಂದ ಹೊರಗೆ ಬಂದಿರುತ್ತಿರಲಿಲ್ಲ.

ಬಬಲೇಶ್ವರದಲ್ಲೇ ಮನೆ ಮಾಡಬಾರದೇ, ಓಡಾಟ ತಪ್ಪುತ್ತದೆ ಎಂದು ಜೊತೆಯಲ್ಲಿ ಕೆಲಸ ಮಾಡುವವರು ಹೇಳುತ್ತಿದ್ದರು. ಸಣ್ಣ ಊರಿನಲ್ಲಿ ಮನೆ ಕೇಳಲು ಹೋದರೆ ಅವರು ಮೊದಲು ವಿಚಾರಿಸುವುದು ನನ್ನ ಬಗ್ಗೆ ಅಲ್ಲ, ನನ್ನ ಮಂದಿಯ ಬಗ್ಗೆ. ದೊಡ್ಡ ಊರಿನಲ್ಲಾದರೆ ಕೇಳಲಿಕ್ಕಿಲ್ಲ ಎಂದುಕೊಂಡು ಇಲ್ಲಿಗೆ ಬಂದೆ. ಇಲ್ಲಿಯೂ ಕೇಳಿದರು, ಸ್ವಲ್ಪ ಸುತ್ತಿ ಬಳಸಿ ಕೇಳಿದರು, ಅಷ್ಟೇ ವ್ಯತ್ಯಾಸ. ಒಬ್ಬರು ಮಾಂಸ ತಿನ್ನುತ್ತೀರೇನು ಎಂದರು. ಇಲ್ಲವೆಂದೆ. ತಿನ್ನುವವರೂ ಹಾಗೇ ಹೇಳುತ್ತಾರೆ ಎಂದು ನಕ್ಕರು. ಇನ್ನೊಬ್ಬರು ಮನೆ ತೋರಿಸುತ್ತಾ ದೇವರ ಕೋಣೆಯ ಹತ್ತಿರ ನಿಂತು, ನಿಮ್ಮ ಮನೆದೇವರು ಯಾವುದು ಎಂದರು. ನಮ್ಮದು ಬೌದ್ಧರ ಮನೆ. ಅಪ್ಪ ಬದುಕಿದ್ದಾಗಲೇ ದೇವರ ಜಗಲಿ ತೆಗೆದು ಅಲ್ಲಿ ಬುದ್ಧನ ಫೋಟೋ ಇಟ್ಟವನು. ನಾವು ಬೌದ್ಧರೆಂದು ನಾವು ಹೇಳಿಕೊಳ್ಳುತ್ತೇವೆ, ಊರಿಗೆ ಮಾತ್ರ ಇಂದಿಗೂ ಕೇರಿಯವರು. ಯಾವುದಾದರೊಂದು ಮನೆದೇವರ ಹೆಸರು ನನ್ನ ಬಾಯಿಗೆ ಬರುವಷ್ಟರಲ್ಲಿ, ಮನೆ ಬೇರೆಯವರಿಗೆ ಮಾತಾಗಿಬಿಟ್ಟಿದೆ ಎಂದು ಅವರಿಗೆ ನೆನಪಾಯಿತು.

ಕೊನೆಗೆ ಸಿಕ್ಕಿದ್ದು ಈ ಮನೆ. ಮಾಲಕರು ನೌಕರಿಯಿಂದ ನಿವೃತ್ತರಾದ ಹಿರಿಯರು. ತೊರವಿಗೆ ಹೋಗುವ ದಾರಿಯ ಕಾಲೋನಿಯಲ್ಲಿ ಕೆಳಗೆ ತಾವು ಗಂಡಹೆಂಡತಿ ಇರಲು ಒಂದು, ಮೇಲೆ ಬಾಡಿಗೆಗೆ ನಾಲ್ಕು ಮನೆ ಕಟ್ಟಿಸಿದ್ದರು. ಇಡೀ ಕಟ್ಟಡಕ್ಕೆ ಒಂದೇ ಮೀಟರು, ಮಾಳಿಗೆಯ ಮೇಲೆ ಒಂದೇ ದೊಡ್ಡ ನೀರಿನ ಟಾಕಿ. ನಾಲ್ಕಾರು ದಿನಕ್ಕೊಮ್ಮೆ ಬರುವ ನಳದ ನೀರು ನೆಲದೊಳಗಿನ ಸಂಪಿನ ತೊಟ್ಟಿಗೆ ಬೀಳುತ್ತಿತ್ತು, ಅವರು ಮೋಟರು ಹಾಕಿ ಅದನ್ನು ಮೇಲೇರಿಸುತ್ತಿದ್ದರು. ಐದೂ ಮನೆಗೆ ಅದೇ ನೀರು.

ಅವರು ನನ್ನನ್ನು ಕೇಳಿದ್ದು ಅಡ್ಡಹೆಸರು ಮಾತ್ರ. ನಮ್ಮ ಕಡೆ ಶಾಲೆಗೆ ಹೆಸರು ಹಚ್ಚುವಾಗ ಊರ ಹೆಸರನ್ನೇ ಅಡ್ಡಹೆಸರು ಮಾಡಿ ಬರೆಯುವುದು ಸಾಮಾನ್ಯ. ಹೀಗಾಗಿ ನಮ್ಮೂರು ಘೋಣಸಗಿಯಲ್ಲಿ ದೊಡ್ಡ ಹೊಲ ಇರುವವರ ಮಕ್ಕಳಿಗೂ ಅದೇ ಅಡ್ಡಹೆಸರು, ಆ ಹೊಲದಲ್ಲಿ ಕಳೆ ತೆಗೆದವರ ಮಕ್ಕಳಿಗೂ ಅದೇ. ನಾನು ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು.

"ಅಲ್ಲಿ ನಮ್ಮ ಬೀಗರ ಪೈಕಿ ಅದಾರ್ರಿ, ಅದ ಅಡ್ಡಹೆಸರು. ಅಂದ್ರ ನೀವು ನಮ್ಮವರ ಆದ್ರಿ," ಎಂದರು.

ಊರಲ್ಲಿ ಆ ಅಡ್ಡಹೆಸರಿನವರು ಬಹಳ ಮಂದಿ ಇದ್ದಾರೆ ಎಂದಷ್ಟೇ ನಾನು ಹೇಳಿದೆ. ಅದು ಸುಳ್ಳಲ್ಲ. ಅವರು ಮುಂದಕ್ಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕರೆಂಟು, ನೀರು ಎಲ್ಲಾ ಬಾಡಿಗೆಯಲ್ಲೇ ಬಂತು, ನೀವು ಚಾವಿ ತೆಗೆದುಕೊಂಡು ಆರಾಮ ಇರುವುದಷ್ಟೇ ಎಂದು ಚಾವಿಯನ್ನು ನನ್ನ ಕೈಯಲ್ಲಿಟ್ಟರು. ಮೇಲಿಂದ ಬಿಡಲಿಲ್ಲ, ಕೈಯಲ್ಲಿಟ್ಟರು. ಇಂಥದ್ದನ್ನೆಲ್ಲ ನೋಡುವ ಕಣ್ಣು ನಮಗೆ ಹುಟ್ಟಿದಾಗಿನಿಂದ ಇರುತ್ತದೆ.

ಅವತ್ತು ಸಂಜೆ ನಳ ತಿರುಗಿಸಿ ಬೊಗಸೆಯೊಡ್ಡಿ ನೀರು ಕುಡಿದೆ. ಕೆಳಗಿನ ಮನೆಯ ಪೂಜೆಯ ತಂಬಿಗೆಗೂ ಇದೇ ನೀರು, ನನ್ನ ಅನ್ನದ ಪಾತ್ರೆಗೂ ಇದೇ ನೀರು ಎಂದು ಯೋಚಿಸಿ ಒಬ್ಬಳೇ ನಕ್ಕೆ. ಓದಿ, ಪರೀಕ್ಷೆ ಪಾಸಾಗಿ, ನೌಕರಿ ಹಿಡಿದು ಸಂಪಾದಿಸಿದ್ದೆಲ್ಲ ಇದಕ್ಕೇ ಎನಿಸಿಬಿಟ್ಟಿತು. ಅವ್ವನನ್ನು ಇಲ್ಲಿಗೆ ಕರೆತರಬೇಕು, ಈ ನೀರನ್ನು ಅವಳ ಬೆನ್ನಿಗೆ ಹೊಯ್ದು ಎರೆಯಬೇಕು, ವರ್ಷದಲ್ಲಿ ಕೆಲವು ತಿಂಗಳಾದರೂ ನನ್ನ ಹತ್ತಿರ ಇಟ್ಟುಕೊಳ್ಳಬೇಕು. ಈ ಮನೆಯಿಂದ ನಾನು ಬಯಸಿದ್ದು ಇದೊಂದೇ.

ಬಯಸಿದೆನೇ ಹೊರತು ಕರೆಯಲಿಲ್ಲ. ಅವ್ವನಿಗೆ ಅಡ್ಡಹೆಸರಿನ ಹಿಂದೆ ಅಡಗಿ ನಿಲ್ಲುವುದು ಗೊತ್ತಿಲ್ಲ. ಘೋಣಸಗಿಯಲ್ಲಿ ನನ್ನ ತಮ್ಮನ ಸಂಸಾರದೊಂದಿಗೆ ಇರುವ ಅವಳು, ಟಿಕೋಟದ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ದ್ರಾಕ್ಷಿ ಆರಿಸುವ ಹೆಂಗಸರ ನಡುವೆ ಕುಳಿತು ಇಡೀ ಶೆಡ್ಡನ್ನು ನಗಿಸುವವಳು. ಫೋನು ಎತ್ತಿದರೆ "ಜೈಭೀಮ" ಎಂದು ಹೊಲದಾಚೆಯವರನ್ನು ಕೂಗುವಷ್ಟು ದೊಡ್ಡ ದನಿಯಲ್ಲಿ ಹೇಳುತ್ತಾಳೆ. ನಾನು ಈ ಮನೆಯಲ್ಲಿ ಅದಕ್ಕೆ ಮೆಲ್ಲಗೆ ಉತ್ತರ ಕೊಡುತ್ತಿದ್ದೆ, ಅಡುಗೆಮನೆಗೆ ಹೋಗಿ, ನಳ ಬಿಟ್ಟುಕೊಂಡು. ಬುದ್ಧನ ಫೋಟೋ ಬಟ್ಟೆಯ ಪೆಟ್ಟಿಗೆಯಲ್ಲೇ ಉಳಿಯಿತು.

ಯಾರಿಂದ ಅಷ್ಟು ಮುಚ್ಚಿಡುತ್ತಿದ್ದೆ ಎಂದು ಕೇಳಿದರೆ ನಗು ಬರುತ್ತದೆ. ನನ್ನ ಬಾಗಿಲಿಗೆ ಯಾರೂ ಬರುತ್ತಲೇ ಇರಲಿಲ್ಲ. ಎಲ್ಲಾ ಸೇರಿದ ಬಾಡಿಗೆಯ ಗುಣವೇ ಅದು ಎಂದು ನನಗೆ ಬರಬರುತ್ತಾ ತಿಳಿಯಿತು. ಕರೆಂಟಿನ ಬಿಲ್ಲು ಬರೆಯುವವನು ಕೆಳಗೇ ಬರೆದುಕೊಟ್ಟು ಹೋಗುತ್ತಿದ್ದ. ನೀರಿನವನಿಗೂ ಕೆಳಗಿನ ಮನೆಯೇ. ಪಕ್ಕದ ಓಣಿಯಲ್ಲಿ ನೀರು ಬಂದ ದಿನ ಹೆಂಗಸರು ಕೊಡ ಹಿಡಿದು ಬೀದಿ ನಳಕ್ಕೆ ಮುತ್ತಿ, ಬೈದಾಡಿ, ಆಮೇಲೆ ಅದೇ ಕೊಡಗಳ ಮೇಲೆ ಕೈಯಿಟ್ಟು ಹರಟೆ ಹೊಡೆಯುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಅವರು ಬೈದಾಡುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಬೈಯುವವರೂ ಇರಲಿಲ್ಲ.

ಮೇಲಿನ ಉಳಿದ ಮೂರು ಮನೆಯವರು ಸಂಸಾರಸ್ಥರು. ಮೆಟ್ಟಿಲ ಮೇಲೆ ಎದುರಾದರೆ ಊಟ ಆಯಿತೇನ್ರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋಗುತ್ತಿದ್ದರು. ಮದುವೆಯ ವಯಸ್ಸು ನನ್ನನ್ನು ಕೇಳದೆ ದಾಟಿಹೋಗಿತ್ತು, ಒಂಟಿ ಹೆಂಗಸಿನ ಜೊತೆ ಏನು ಮಾತಾಡಬೇಕು ಎಂಬುದು ಅವರಿಗೆ ತೋಚುತ್ತಿರಲಿಲ್ಲವೋ ಏನೋ.

ಒಂದು ದಿನ ಸ್ನಾನದ ನೀರು ಕಾಯಿಸುವ ಗೀಜರನ್ನು ಆರಿಸದೆ ಕೆಲಸಕ್ಕೆ ಹೋಗಿಬಿಟ್ಟೆ. ಬಬಲೇಶ್ವರ ಮುಟ್ಟಿದ ಮೇಲೆ ನೆನಪಾಗಿ, ಹಗಲೆಲ್ಲ ಜೀವ ಹಿಡಿದುಕೊಂಡು ಕೂತಿದ್ದೆ. ಸಂಜೆ ಮಾಲಕರ ಮುಂದೆ ನಿಂತು ತಪ್ಪಾಯಿತೆಂದೆ. ಇರಲಿ ಬಿಡಿ, ಬಾಡಿಗೆಯಲ್ಲೇ ಬರುತ್ತದಲ್ಲ ಎಂದು ಅವರು ಪೇಪರಿನಿಂದ ತಲೆಯೆತ್ತದೆ ಹೇಳಿದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಒಂದು ಮಾತು ಗದರಿಸಿದ್ದರೆ, ಹೀಗೆ ಮಾಡಿದರೆ ಹೇಗಮ್ಮಾ ಎಂದಿದ್ದರೆ, ಅವತ್ತಿನ ಮಟ್ಟಿಗೆ ನಾನು ಆ ಮನೆಯವಳಾಗುತ್ತಿದ್ದೆ. ಅದಾದ ಮೇಲೆ ಒಂದೆರಡು ಸಲ ಬೇಕೆಂದೇ ಹಗಲು ಹೊರಗಿನ ದೀಪ ಉರಿಯಲು ಬಿಟ್ಟು ಹೋದೆ. ಸಂಜೆ ಬಂದು ನೋಡಿದರೆ ಯಾರೋ ಆರಿಸಿರುತ್ತಿದ್ದರು. ಆದರೆ ಯಾರೂ ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಅವ್ವನ ಕಣ್ಣಿಗೆ ಪೊರೆ ಬಂತು. ದ್ರಾಕ್ಷಿ ಆರಿಸುವಾಗ ಕಡ್ಡಿ ಯಾವುದು, ಕಾಳು ಯಾವುದು ತಿಳಿಯುತ್ತಿಲ್ಲ ಎಂದು ತಮ್ಮ ಫೋನು ಮಾಡಿದ. ವಿಜಯಪುರದಲ್ಲೇ ಆಪರೇಷನ್ನು ಆಗಬೇಕು, ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಹಾಕಬೇಕು, ಧೂಳು ತಾಗಬಾರದು, ಮತ್ತೆ ಮತ್ತೆ ತೋರಿಸಲು ಬರಬೇಕು. ಔಷಧಿ ಕೊಡುವ ಮಗಳು ಊರಲ್ಲೇ ಇರುವಾಗ ಅವ್ವ ಇನ್ನೆಲ್ಲಿ ಇರಬೇಕು. ಈ ಸಲ ನನಗೆ ಅಂಜಿಕೆಗಿಂತ ಸಂತೋಷವೇ ಹೆಚ್ಚಾಯಿತು. ಏನಾದರೂ ಆಗಲಿ ಎಂದು ಕರೆತಂದೆ.

ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಕರಿ ಕನ್ನಡಕ ಹಾಕಿಕೊಂಡು ಅವ್ವ ಮನೆಯ ಮೂಲೆಮೂಲೆಯನ್ನೂ ಕೈಯಿಂದ ಮುಟ್ಟಿ ನೋಡಿದಳು. ಗುಂಡಿ ಒತ್ತಿದರೆ ನೀರು ಬಿಸಿಯಾಗುವುದನ್ನು ಕಂಡು, ಇದಕ್ಕೂ ರೊಕ್ಕ ಕೊಡುವುದಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದಳು. ಬಾಡಿಗೆಯಲ್ಲೇ ಸೇರಿದೆ ಎಂದೆ. ಹಾಗಾದರೆ ದಿನಾ ಎರಡು ಸಲ ಎರೆದುಕೊಳ್ಳುತ್ತೇನೆ ಎಂದಳು. ಕಣ್ಣಿಗೆ ನೀರು ತಾಗಬಾರದೆಂದು ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದು, ಬೆನ್ನಿಗಷ್ಟೇ ಬಿಸಿನೀರು ಹೊಯ್ಯುತ್ತಿದ್ದೆ. ನಾನು ಕೆಲಸದಿಂದ ಬರುವ ಹೊತ್ತಿಗೆ ಅವಳು ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಅಷ್ಟು ದಿನ ಚಾವಿ ಹಾಕಿ ತೆರೆದ ಬಾಗಿಲು ಆಗ ಬರೀ ತೆರೆದೇ ಇರುತ್ತಿತ್ತು.

ಆ ತೆರೆದ ಬಾಗಿಲೇ ಮಾಲಕರ ಹೆಂಡತಿಯನ್ನು ಮೇಲೆ ಕರೆಸಿತು. ಒಂದು ಭಾನುವಾರ ಆಕೆ ಸ್ಟೀಲಿನ ಡಬ್ಬಿಯಲ್ಲಿ ಕಡಲೆಹಿಟ್ಟಿನ ಝುಣಕ ಹಾಕಿಕೊಂಡು, ನಾಲ್ಕು ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಕಣ್ಣಿನ ಆಪರೇಷನ್ನು ಆದವರಿಗೆ ಒಲೆಯ ಹೊಗೆ ಬೇಡ ಎಂದರು. ನನ್ನ ಮನೆಗೆ ಆಕೆ ಬಂದದ್ದು ಅದೇ ಮೊದಲು. ಅವ್ವನ ಪಕ್ಕದಲ್ಲಿ ಚಾಪೆಯ ಮೇಲೇ ಕುಳಿತರು. ಇಬ್ಬರೂ ಮೊಣಕಾಲು ನೋವಿನಿಂದ ಶುರು ಮಾಡಿ, ಜೋಳದ ಧಾರಣೆಗೆ ಬಂದು, ಮೊಮ್ಮಕ್ಕಳ ಹಟದ ತನಕ ಹೋದರು. ಇಬ್ಬರು ದೊಡ್ಡವರ ದನಿ ನನ್ನ ಮನೆಯಲ್ಲಿ ತುಂಬಿದ್ದನ್ನು ಕೇಳುತ್ತಾ ನಾನು ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದೆ. ಹೊರಗೆ ಬರಬೇಕೆನಿಸಲಿಲ್ಲ, ಅಷ್ಟು ಹಿತವಾಗಿತ್ತು.

ಆಗ ಆಕೆ, ನೀವು ಊರಲ್ಲಿ ದೊಡ್ಡ ಮನೆಯವರಿಗೆ ಏನಾಗಬೇಕು, ಅವರು ನಮ್ಮ ಬೀಗರ ಪೈಕಿ ಎಂದು ಕೇಳಿದರು. ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ, ಸಂಬಂಧ ಹಚ್ಚುವ ಸಂಭ್ರಮವಷ್ಟೇ.

ಅವ್ವ ನಕ್ಕಳು. "ಅವರಿಗೆ ಏನೂ ಆಗಬೇಕಿಲ್ರಿ ಯಕ್ಕಾ. ನಾವು ಕೇರಿಯವರು. ಅವರ ಹೊಲದಾಗ ದುಡದ ದೊಡ್ಡಾಕಿ ಆಗೇನಿ ನಾ. ನನ ಮಗಳು ಕಲ್ತು ನೌಕರಿ ಹಿಡದಾಳ ನೋಡ್ರಿ."

ಆ ಕೊನೆಯ ಮಾತು ಹೇಳುವಾಗ ಅವಳ ದನಿಯಲ್ಲಿದ್ದ ಹೆಮ್ಮೆ ನನಗೆ ಇನ್ನೂ ಕೇಳಿಸುತ್ತದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಆಕೆ ತಟ್ಟನೆ ಎದ್ದು ಹೋಗಲಿಲ್ಲ. ಹೌದೇನ್ರಿ ಎಂದರು, ಕಣ್ಣಿಗೆ ಹನಿ ಎಷ್ಟು ಸಲ ಹಾಕಬೇಕು ಎಂದು ಕೇಳಿದರು, ನಾನು ತಂದಿಟ್ಟ ಚಹಾ ಆರುತ್ತಿದ್ದಂತೆ ಇವತ್ತು ಉಪವಾಸ ಎಂದು ನೆನಪಿಸಿಕೊಂಡರು. ನಮ್ಮಲ್ಲಿ ಯಾರಾದರೂ ಡಬ್ಬಿಯಲ್ಲಿ ಏನಾದರೂ ತಂದುಕೊಟ್ಟರೆ ಅದನ್ನು ಖಾಲಿ ತಿರುಗಿ ಕೊಡುವುದಿಲ್ಲ. ಅವ್ವ ಝುಣಕವನ್ನು ತಟ್ಟೆಗೆ ಸುರಿದು, ಡಬ್ಬಿ ತೊಳೆದು, ತಾನು ಊರಿಂದ ತಂದಿದ್ದ ಒಣದ್ರಾಕ್ಷಿಯನ್ನು ಅದರ ತುಂಬ ತುಂಬಿ ಮುಂದೆ ಹಿಡಿದಳು. ಆಕೆ ಕೈ ಮುಂದೆ ಮಾಡಲಿಲ್ಲ. ತಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದರು. ಡಬ್ಬಿಯೂ ನಿಮ್ಮಲ್ಲೇ ಇರಲಿ, ನಮ್ಮಲ್ಲಿ ಬಹಳ ಇವೆ ಎಂದರು. ಕೆಳಗಿಳಿಯುವಾಗ ಒಂದು ಕೈಯಿಂದ ಸೀರೆಯ ನಿರಿಗೆ ಎತ್ತಿ ಹಿಡಿದಿದ್ದರು.

ಸಕ್ಕರೆ ಕಾಯಿಲೆ ಇರುವುದು ನಿಜವೇ ಎಂದು ಅವ್ವ ಕೇಳಿದಳು. ನಿಜವೆಂದೆ. ನಿಜವೇ ಆಗಿತ್ತು, ಅವರ ಗುಳಿಗೆಯ ಬಗ್ಗೆ ಒಮ್ಮೆ ನನ್ನನ್ನೇ ಕೇಳಿದ್ದರು. ಅವ್ವ ಆ ಡಬ್ಬಿಯ ದ್ರಾಕ್ಷಿಯನ್ನು ಆಮೇಲಿನ ದಿನಗಳಲ್ಲಿ ತಾನೇ ತಿಂದು ಮುಗಿಸಿದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಕಣ್ಣು ತಿಳಿಯಾದ ಮೇಲೆ, ಇನ್ನೊಂದು ಕಣ್ಣಿಗೆ ಬಂದಾಗ ಪೂರಾ ಬೇಸಿಗೆ ಇಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟು ಟಿಕೋಟದ ಬಸ್ಸು ಹತ್ತಿದಳು.

ಅವಳು ಹೋದ ಕೆಲವೇ ದಿನಕ್ಕೆ, ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಮೆಟ್ಟಿಲೆಲ್ಲ ಒದ್ದೆಯಾಗಿತ್ತು. ಏನಾಯಿತೆಂದು ಮಾಳಿಗೆಗೆ ಹತ್ತಿ ನೋಡಿದೆ. ದೊಡ್ಡ ಟಾಕಿಯ ಪಕ್ಕದಲ್ಲಿ, ಇಟ್ಟಂಗಿ ಜೋಡಿಸಿದ ಕಟ್ಟೆಯ ಮೇಲೆ, ಒಂದು ಸಣ್ಣ ಕರಿ ಟಾಕಿ ಕೂತಿತ್ತು. ಅದರಿಂದ ಹೊಸ ಪೈಪೊಂದು ಗೋಡೆಗುಂಟ ಇಳಿದು ನನ್ನ ಅಡುಗೆಮನೆಗೆ ಹೋಗಿತ್ತು. ದೊಡ್ಡ ಟಾಕಿಯಿಂದ ನನ್ನ ಮನೆಗೆ ಬರುತ್ತಿದ್ದ ಹಳೆಯ ಪೈಪನ್ನು ಕತ್ತರಿಸಿ, ತುದಿಗೆ ಬಿರಡೆ ಹಾಕಿದ್ದರು.

ಕೆಳಗೆ ಮಾಲಕರೇ ನನ್ನನ್ನು ಕಾಯುತ್ತಿದ್ದರು. ಎಂದಿನಂತೆ ಮೆದುವಾಗಿ ಮಾತಾಡಿದರು. "ಮೇಡಮ್ಮಾರ, ನಿಮಗಂತ ಒಂದು ಬ್ಯಾರೆ ಟಾಕಿ ಕೂಡಿಸೇವ್ರಿ. ಮೀಟರೂ ಬ್ಯಾರೆ ಹಚ್ಚಸ್ತೀನಿ. ಇನ್ನ ಬಾಡಿಗಿ ಕಡಿಮಿ ಕೊಡ್ರಿ. ಒಬ್ಬರ ಇರ್ತೀರಿ, ಮಂದಿ ಸುಟ್ಟ ಕರೆಂಟಿಗೆ ನೀವ್ಯಾಕ ರೊಕ್ಕ ತುಂಬಬೇಕು?"

ಎಲ್ಲಾ ಮನೆಗೂ ಹೀಗೇ ಮಾಡುತ್ತೀರೇನು ಎಂದು ಕೇಳಿದೆ.

"ನೋಡೂಣ್ರಿ," ಎಂದು ಅವರು ಗೇಟಿನ ಕಡೆ ನೋಡಿದರು. "ಸದ್ಯಕ್ಕ ನಿಮ್ಮದಷ್ಟ."

ಬಾಡಿಗೆ ಹೆಚ್ಚಿಸಿದ ಮಾಲಕರ ಜೊತೆ ಜಗಳವಾಡಬಹುದು. ಕಡಿಮೆ ಮಾಡಿದವರ ಜೊತೆ ಹೇಗೆ ಆಡುವುದು, ನನಗೆ ತಿಳಿಯಲಿಲ್ಲ. ಕೋಣೆಗೆ ಬಂದು ಕುಳಿತು ಅವರ ಪರವಾಗಿ ನಾನೇ ವಾದ ಮಾಡಿಕೊಂಡೆ. ನಾನು ಒಬ್ಬಳೇ, ಉಳಿದ ಮನೆಗಳಲ್ಲಿ ಮಕ್ಕಳುಮರಿ, ಅವರು ಹೇಳುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಎಲ್ಲದರಲ್ಲೂ ಜಾತಿಯನ್ನೇ ಕಾಣುವ ರೋಗ ನನಗೆ ಹತ್ತಿದೆ ಎಂದು ನನ್ನನ್ನೇ ಬೈದುಕೊಂಡೆ. ಆಗ ಆ ಒದ್ದೆ ಮೆಟ್ಟಿಲು ನೆನಪಾಯಿತು. ಮತ್ತೆ ಮಾಳಿಗೆಗೆ ಹತ್ತಿದೆ. ನೆಲದ ಮೇಲೆ ಬ್ಲೀಚಿಂಗ್ ಪುಡಿಯ ವಾಸನೆ ಇತ್ತು. ದೊಡ್ಡ ಟಾಕಿಗೆ ಬೆರಳಿಂದ ಬಡಿದು ನೋಡಿದೆ, ಖಾಲಿ ಸದ್ದು ಬಂತು. ಹಿಂದಿನ ದಿನವಷ್ಟೇ ನಳ ಬಂದು ತುಂಬಿದ ಟಾಕಿ ಅದು. ನೀರಿಗೆ ಬಾಯಿ ಬಿಡುವ ಈ ಊರಿನಲ್ಲಿ, ಮುಂದಿನ ನಳಕ್ಕೆ ಇನ್ನೂ ದಿನಗಳಿರುವಾಗ, ಐದು ಮನೆಯ ನೀರನ್ನು ಚೆಲ್ಲಿ ಟಾಕಿ ತಿಕ್ಕಿ ತೊಳೆದಿದ್ದರು.

ಆಗ ನನಗೆ ವಾದ ಮಾಡಿಕೊಳ್ಳಲು ಏನೂ ಉಳಿಯಲಿಲ್ಲ. ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಆ ಸಣ್ಣ ಟಾಕಿಯನ್ನು ಕಟ್ಟೆಯಿಂದ ಕೆಳಗೆ ದೂಡಿಬಿಡಬೇಕೆನಿಸಿತು. ದೂಡಲಿಲ್ಲ. ಅದರಲ್ಲಿ ನೀರಿತ್ತು. ನೀರು ತುಂಬಿದ್ದನ್ನು ಚೆಲ್ಲುವ ಕೈ ನಮ್ಮದಲ್ಲ.

ತಿಂಗಳು ತುಂಬಿದಾಗ ಬಾಡಿಗೆಯನ್ನು ಮೊದಲಿನಷ್ಟೇ ಕೊಟ್ಟೆ. ಎಲ್ಲರ ಹಾಗೆ ಎಲ್ಲಾ ಸೇರಿಸಿಯೇ ಕೊಡುತ್ತೇನೆ ಎಂಬುದು ನನ್ನ ಹಟ. ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಷ್ಟು ಕಾಲ ಯಾರೂ ಬಡಿಯದ ಬಾಗಿಲು ಅದು. ಮಾಲಕರು ಹೆಚ್ಚಿನ ರೊಕ್ಕವನ್ನು ತಿರುಗಿ ಕೊಡಲು ಬಂದಿದ್ದರು. ಅದನ್ನು ನನ್ನ ಕೈಗೆ ಕೊಡಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು, ತಪ್ಪು ತಿಳಿಯಬೇಡಿ ಎಂದು ಹೇಳಿ ಇಳಿದುಹೋದರು. ಅವರ ಮುಖದಲ್ಲಿ ನಾಚಿಕೆ ಇತ್ತೋ, ನಾನು ಅಲ್ಲಿ ನಾಚಿಕೆಯನ್ನು ಹುಡುಕಿದೆನೋ, ಹೇಳಲಾರೆ.

ಮನೆ ಬಿಡಬಹುದಿತ್ತು. ಬಿಟ್ಟರೆ ಮತ್ತೆ ಅಡ್ಡಹೆಸರು, ಮತ್ತೆ ಮನೆದೇವರು, ಮತ್ತೆ ಯಾರಿಗೋ ಆಗಲೇ ಮಾತಾಗಿರುವ ಮನೆಗಳು. ಅವ್ವನ ಎರಡನೇ ಕಣ್ಣಿನ ದಿನ ಬೇರೆ ಹತ್ತಿರ ಬಂದಿತ್ತು. ಯೋಚಿಸುತ್ತಾ ಯೋಚಿಸುತ್ತಾ ನನಗೊಂದು ವಿಚಿತ್ರ ಸಮಾಧಾನ ಹುಟ್ಟಿತು. ಇನ್ನು ಮುಚ್ಚಿಡಬೇಕಾದದ್ದು ಏನೂ ಇಲ್ಲವಲ್ಲ. ಪೆಟ್ಟಿಗೆಯಿಂದ ಬುದ್ಧನ ಫೋಟೋ ತೆಗೆದು ಬಾಗಿಲಿಗೆ ಎದುರಿನ ಗೋಡೆಗೆ ಮೊಳೆ ಹೊಡೆದೆ, ಕೆಳಗೆ ಕೇಳಲಿ ಎಂದು ಬೇಕಾದದ್ದಕ್ಕಿಂತ ಜೋರಾಗಿಯೇ ಹೊಡೆದೆ. ಅವ್ವನ ಫೋನು ಬಂದಾಗ ಅವಳಷ್ಟೇ ದೊಡ್ಡ ದನಿಯಲ್ಲಿ ಜೈಭೀಮ ಎಂದೆ. ಅವ್ವ ಈಗ ಬಂದರೆ ಎಷ್ಟು ದಿನ ಬೇಕಾದರೂ ಇರಬಹುದು, ಯಾರಿಗೂ ಅಂಜಬೇಕಾಗಿಲ್ಲ, ನಾನು ಬಯಸಿದ್ದು ಬೇರೆ ದಾರಿಯಿಂದಾದರೂ ಕೈಗೆ ಸಿಕ್ಕಿತು ಎಂದು ಲೆಕ್ಕ ಹಾಕಿದೆ.

ಫೋನಿನಲ್ಲಿ ಆ ಸುದ್ದಿಯನ್ನು ಆದಷ್ಟು ಸಿಹಿಯಾಗಿ ಹೇಳಿದೆ. ನಮಗೆ ಈಗ ನಮ್ಮದೇ ಟಾಕಿ ಇದೆ, ನಮ್ಮದೇ ಮೀಟರು, ಎಷ್ಟು ನೀರು ಕಾಯಿಸಿಕೊಂಡರೂ ಕೇಳುವವರಿಲ್ಲ, ದಿನಕ್ಕೆ ಮೂರು ಸಲ ಎರೆದುಕೋ ಎಂದೆ. ಆ ಕಡೆ ಅವ್ವ, ಹೌದಾ, ಛಲೋ ಆಯಿತು ಎಂದಳು. ತಮ್ಮನ ಮಗುವಿಗೆ ಜ್ವರ ಎಂದಳು. ಆಡು ಈಯುವುದಿದೆ ಎಂದಳು. ಬೇಸಿಗೆ ಪೂರಾ ಇರಲಿಕ್ಕೆ ಆಗುವುದೋ ಇಲ್ಲವೋ ಎಂದಳು. ನಾನು ಅದನ್ನೆಲ್ಲ ನಂಬಿದೆ, ನಂಬುವುದು ಬೇಕಾಗಿತ್ತು.

ಎರಡನೇ ಕಣ್ಣಿನ ಆಪರೇಷನ್ನಿನ ದಿನ ತಮ್ಮನೂ ಜೊತೆಗೆ ಬಂದಿದ್ದ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚಲು ಮತ್ತೆ ಬರಬೇಕೆಂದು ಡಾಕ್ಟರು ಹೇಳಿದರು. ನಾನು ಮನೆಯಲ್ಲಿ ಹಾಸಿಗೆ ಹಾಸಿಟ್ಟು, ಅನ್ನ ಸಾರು ಮಾಡಿಟ್ಟು ಬಂದಿದ್ದೆ. ನಮ್ಮ ಕಾಲೋನಿ ಟಿಕೋಟದ ದಾರಿಯಲ್ಲೇ ಇರುವುದರಿಂದ ಮೂವರೂ ಒಂದೇ ಬಸ್ಸು ಹತ್ತಿದೆವು. ಟಿಕೇಟು ತೆಗೆಯುವಾಗ ತಮ್ಮ ನನ್ನ ಮುಖ ನೋಡದೆ, ಒಂದು ಕಾಲೋನಿಗೆ, ಎರಡು ಟಿಕೋಟಕ್ಕೆ ಎಂದ. ಅವನಿಗೆ ತಿಳಿದಿಲ್ಲ ಎಂದುಕೊಂಡು, ಮೂರೂ ಕಾಲೋನಿಗೆ ಎಂದು ತಿದ್ದಲು ಹೋದೆ. ಅವ್ವ ನನ್ನ ಮೊಣಕೈ ಹಿಡಿದಳು.

ಧೂಳಿನಲ್ಲಿ ಹೋಗಿ ನಾಳೆ ಮತ್ತೆ ಧೂಳಿನಲ್ಲಿ ಬರಬೇಕು, ಕಣ್ಣಿಗೆ ಏನಾದರೂ ಆದರೆ ಏನು ಗತಿ ಎಂದು ನಾನು ಜಗಳ ತೆಗೆದೆ. ಔಷಧಿಯ ಮಾತೆಲ್ಲ ಹೇಳಿ ಹೆದರಿಸಿದೆ. ಅವಳು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದಳು. ಬಸ್ಸು ಊರು ದಾಟಿ ಕಾಲೋನಿಯ ಹತ್ತಿರ ಬರುತ್ತಿತ್ತು. ನನಗೆ ಅಳು ಬಂತು. ಮಂದಿಯ ನಡುವೆ ಅಳಬಾರದೆಂದು ಮೆಲ್ಲಗೆ ಹೇಳಿದೆ. "ಒಂದ ರಾತ್ರಿ ಇರು ಬೇ. ಒಬ್ಬಾಕಿನ ಇದ್ದು ಇದ್ದು ಸಾಕಾಗೇತಿ ನನಗ."

ಪಟ್ಟಿ ಕಟ್ಟಿದ ಕಣ್ಣನ್ನು ಕಿಟಕಿಯ ಕಡೆಗಿಟ್ಟು, ಇನ್ನೊಂದು ಕಣ್ಣಿನಿಂದ ಅವಳು ನನ್ನನ್ನು ನೋಡಿದಳು. ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾರೆ ಟಾಕಿ ನೀರು ನಮ್ಮೂರಾಗೂ ಐತಲ್ಲವ್ವಾ. ಅದನ್ನ ಕುಡ್ಯಾಕ ನಾ ಇಲ್ಲೀಮಟ ಯಾಕ ಬರ್ಲಿ?"

ಬಸ್ಸು ನಿಧಾನವಾಯಿತು. ಕಾಲೋನಿಯವರು ಎಷ್ಟು ಮಂದಿ ಇಳಿಯುತ್ತೀರಿ ಎಂದು ಕಂಡಕ್ಟರು ಹಿಂದಿನಿಂದ ಕೂಗಿ ಕೇಳಿದ.

"ಒಬ್ಬಾಕೀರಿ," ಎಂದು ಹೇಳಿ ನಾನು ಇಳಿದೆ.